ತೊವ್ವೆ ಬಣ್ಣದ ಕೆಮ್ಮು

ನಮ್ಮ ಸೋದರಮಾವನ ಕೆಮ್ಮು ದೀಪಾವಳಿಗೆ ಬಂದರೆ ಶಿವರಾತ್ರಿಗೇ ಹೊರಡುವುದು. ಅಷ್ಟು ದಿನ ಬೀಗರೂ ಠಿಕಾಣಿ ಹೂಡುವುದಿಲ್ಲ. ಕೇಳಿದರೆ, "ಹವೆ ಕಣೋ" ಎನ್ನುತ್ತಾರೆ.

ಇಂಥವರು ನಿಮ್ಮ ಮನೆಯಲ್ಲೂ ಇದ್ದಾರು. ಕೆಮ್ಮಿಗೆ ಡಾಕ್ಟರೊಬ್ಬರನ್ನು ಬಿಟ್ಟು ಊರನ್ನೆಲ್ಲ ಕೇಳುತ್ತಾರೆ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ, ಕುಂಡದಲ್ಲಿ ದೊಡ್ಡಪತ್ರೆ. ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಮೂರು ಆಂಟಿಬಯೋಟಿಕ್ ಮಾತ್ರೆಯಲ್ಲಿ ಎರಡನ್ನು ನುಂಗಿ, ಒಂದನ್ನು ಉಪ್ಪಿನಕಾಯಿಯ ಹಾಗೆ ಬರುವ ವರ್ಷಕ್ಕೆ ಎತ್ತಿಡುತ್ತಾರೆ.

ಅದನ್ನೆಲ್ಲ ಸಹಿಸಿದ್ದೇನೆ. ಬೆಳಗಿನ ಫೋನು ಮಾತ್ರ ಆಗದು. ಏಳೂವರೆಗೆ, ಸರಿಯಾಗಿ ನನ್ನ ತಟ್ಟೆಗೆ ತಿಂಡಿ ಬೀಳುವ ಹೊತ್ತಿಗೆ, ಕಫದ ಬಣ್ಣದ ವರದಿ. "ಇವತ್ತು ತೊವ್ವೆ ಥರ ಬಂತು ಕಣೋ." ತೊವ್ವೆ ಬಿಟ್ಟೆ. ಮರುವಾರ ಪುದೀನ ಚಟ್ನಿಯೂ ಹೋಯಿತು. ಸಂಕ್ರಾಂತಿಯ ದಿನ "ಇವತ್ತು ಹುಗ್ಗಿ..." ಎನ್ನುತ್ತಿದ್ದಂತೆ ಫೋನಿಟ್ಟೆ, ಹಬ್ಬ ಉಳಿಯಿತು.

ಹಸಿರು ಕಫವೆಂದರೆ ಆಂಟಿಬಯೋಟಿಕ್ ಬೇಕೇ ಬೇಕು ಎಂಬುದು ಮಾವನ ಸಿದ್ಧಾಂತ. ನಗುತ್ತಿದ್ದ ನಾನು, ನನಗೇ ಕೆಮ್ಮು ಹತ್ತಿದ ಐದನೇ ದಿನ ಡಾಕ್ಟರ ಮುಂದೆ ಅದನ್ನೇ ಒಪ್ಪಿಸಿದೆ. "ಬ್ರಾಂಕೈಟಿಸ್. ಹೆಚ್ಚಾಗಿ ವೈರಸ್ಸಿನದೇ ಕೆಲಸ, ಆಂಟಿಬಯೋಟಿಕ್‌ಗೆ ಜಗ್ಗೋದಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡೋಕಾಗಲ್ಲ. ಕೆಮ್ಮು 3 ವಾರ ಎಳೆದರೂ ಎಳೆದೀತು. ಆದರೂ 2 ವಾರ ದಾಟಿದರೆ ಬನ್ನಿ, ಟಿ.ಬಿ. ಇಲ್ಲ ಅಂತ ಕಫ ಪರೀಕ್ಷೆ ಮಾಡಿಸೋಣ. ರಕ್ತ ಕಂಡರೆ, ಜ್ವರ ಬಿಡದಿದ್ದರೆ, ಉಸಿರಾಡೋಕೆ ಕಷ್ಟವಾದರೆ ಒಂದು ದಿನವೂ ಕಾಯಬೇಡಿ." ಫೀಸು ಕೊಟ್ಟು ಬರಿಗೈಯಲ್ಲಿ ಬಂದ ಸಿಟ್ಟು ನನಗೆ ಒಂದು ವಾರ ಇತ್ತು, ಕೆಮ್ಮಿಗಿಂತ ಜೋರಾಗಿ.

ಹೋದ ತಿಂಗಳು ಮಾವ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದವರು ಎಂಟನೆಯದರಲ್ಲಿ ಕಂಬಿ ಹಿಡಿದು ನಿಂತರು. "ಮಲ್ಲಿಗೆ ಎಷ್ಟು ಚೆನ್ನಾಗಿ ಬಿಟ್ಟಿದೆಯೋ!" ಪಕ್ಕದಲ್ಲಿದ್ದದ್ದು ಕ್ರೋಟನ್ ಗಿಡ. ಎದೆಯೊಳಗಿನ ಸಿಳ್ಳೆ ನನಗೇ ಕೇಳುತ್ತಿತ್ತು. ದಿನವೂ ಬಣ್ಣ ಹೇಳಿದವರು ಉಸಿರಿನ ಸುದ್ದಿ ಎತ್ತಿರಲಿಲ್ಲ. ನಾನಾದರೂ ಕೇಳಿದ್ದೆನೇ? ತೊವ್ವೆಯ ಚಿಂತೆಯಲ್ಲಿದ್ದೆ.

ಅವತ್ತೇ ಸಂಜೆ ಎಳೆದುಕೊಂಡು ಹೋದೆ.

"ಕೆಮ್ಮು ಯಾವಾಗಿಂದ?"

"ದೀಪಾವಳಿಯಿಂದ."

"ಯಾವ ದೀಪಾವಳಿ, ಯಜಮಾನರೇ?"

ಮಾವ ನನ್ನ ಮುಖ ನೋಡಿದರು. ವರ್ಷಕ್ಕೆ 3 ತಿಂಗಳಂತೆ ಸತತ 2 ವರ್ಷ ಕಫದ ಕೆಮ್ಮು ಕಾಡಿದರೆ ಅದು ಹವೆಯಲ್ಲ, ಬೇರೂರಿದ ಬ್ರಾಂಕೈಟಿಸ್ ಇರಬಹುದು ಎಂದರು ಡಾಕ್ಟರು. ಊದುವ ಪರೀಕ್ಷೆಗೆ ಬರೆಯುತ್ತಾ, "ಸಿಗರೇಟು?" ಎಂದರು.

"ಬಿಟ್ಟು ವರ್ಷವಾಯಿತು" ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಜೇಬಿನಲ್ಲಿ ಬೆಂಕಿಪೊಟ್ಟಣ ಗಲಗಲ ಎಂದಿತು.