ರಾಯರ ಸಿ ಡ್ರೈವು

ಪ್ರತಿ ಬಡಾವಣೆಯಲ್ಲೂ ಒಬ್ಬ ರಾಯರು ಇರುತ್ತಾರೆ. ಬ್ಯಾಂಕಿನಲ್ಲೋ ಎಲ್‌ಐಸಿಯಲ್ಲೋ ಎಜಿ ಆಫೀಸಿನಲ್ಲೋ ಮೂವತ್ತೈದು ವರ್ಷ ಸವೆಸಿ ನಿವೃತ್ತರಾದವರು. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಮಗ ಒಂದು ಲ್ಯಾಪ್‌ಟಾಪ್ ತಂದುಕೊಟ್ಟು, "ಹೊತ್ತು ಹೋಗುತ್ತೆ ಅಪ್ಪಾ" ಎಂದು ಹೇಳಿ ವಿಮಾನ ಹತ್ತಿರುತ್ತಾನೆ. ಐದಾರು ವರ್ಷ ಕಳೆಯುವಷ್ಟರಲ್ಲಿ ಅದರ ಸಿ ಡ್ರೈವಿನ ನೀಲಿ ಪಟ್ಟಿ ಕೆಂಪಗಾಗುತ್ತದೆ. ಆಗ ಬಡಾವಣೆಯಲ್ಲಿ "ಕಂಪ್ಯೂಟರ್ ಗೊತ್ತಿರೋ ಹುಡುಗ" ಎಂದು ಹೆಸರು ಬಿದ್ದವನಿಗೆ, ಅವನಿಗೆ ಚಾಳೀಸು ಬಂದಿದ್ದರೂ, ಫೋನ್ ಬರುತ್ತದೆ. ನಮ್ಮ ಬೀದಿಯಲ್ಲಿ ಆ ಹುಡುಗ ನಾನು.

"ಏನಪ್ಪಾ, ಬಿಡುವಾಗಿದ್ದೀಯಾ? ಇದರಲ್ಲಿ ಸ್ವಲ್ಪ ಜಾಗ ಮಾಡಿಕೊಡಬೇಕಿತ್ತಲ್ಲ."

ಜಾಗ ಬೇಕು, ಆದರೆ ಏನನ್ನೂ ತೆಗೆಯಬಾರದು. ರಾಯರ ಬೇಡಿಕೆ ಇಷ್ಟೇ.

ಅವರ ಡೆಸ್ಕ್‌ಟಾಪಿನಲ್ಲಿ ಮೊಮ್ಮಗನ ನಾಮಕರಣದ ಚಿತ್ರವಿದೆ ಎನ್ನುತ್ತಾರೆ. ನನಗೆ ಕಂಡಿದ್ದು ಮಗುವಿನ ಒಂದು ಕಿವಿ ಮಾತ್ರ, ಉಳಿದದ್ದೆಲ್ಲ ಐಕಾನುಗಳ ಅಡಿಯಲ್ಲಿ. "ಮುಖ್ಯ" ಎಂಬ ಫೋಲ್ಡರ್, ಅದರ ಪಕ್ಕ "ಅತಿ ಮುಖ್ಯ", ಕೆಳಗೆ "ಮುಖ್ಯ ಫೈನಲ್", ಅದರ ಕೆಳಗೆ "ಮುಖ್ಯ ಫೈನಲ್ ಹೊಸದು". ಒಳಗೆ ಹೊಕ್ಕು ನೋಡಿದರೆ ನಾಲ್ಕರಲ್ಲೂ ಅದೇ ಕಂದಾಯದ ರಸೀದಿ. ಡೌನ್‌ಲೋಡ್ಸ್‌ನಲ್ಲಿ ಅವರದೇ ಆಧಾರ್ ಹದಿನಾಲ್ಕು ಪ್ರತಿ. ಆಧಾರ್ ಬೇಕಾದಾಗಲೆಲ್ಲ ಹಿಂದಿನದು ಎಲ್ಲಿದೆ ಎಂದು ಹುಡುಕುವ ಬದಲು ಹೊಸದಾಗಿ ಇಳಿಸಿಕೊಳ್ಳುವುದು ರಾಯರ ಪದ್ಧತಿ. "ಹದಿಮೂರನ್ನು ತೆಗೆಯಲೇ?" ಎಂದೆ. "ಯಾವುದು ಒರಿಜಿನಲ್ಲೋ ಹೇಗೆ ಗೊತ್ತಾಗಬೇಕು? ಇರಲಿ ಬಿಡು."

ಮುಂದೆ ಪಂಚಾಂಗಗಳು. ಪ್ಲವ, ಶುಭಕೃತ್, ಶೋಭಕೃತ್, ಕ್ರೋಧಿ, ಎಲ್ಲವೂ ಸ್ಕ್ಯಾನ್ ಮಾಡಿದ ದಪ್ಪ ಪಿಡಿಎಫ್‌ಗಳು. ಮುಗಿದುಹೋದ ಸಂವತ್ಸರದ ಏಕಾದಶಿ ಈಗೇಕೆ ಎಂದರೆ ರಾಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬರುತ್ತಪ್ಪಾ." ಬರುತ್ತದೆ, ನಿಜ. 2021ರ ಯುಗಾದಿಗೆ ಶುರುವಾದ ಪ್ಲವ ಮತ್ತೆ ಬರುವುದು 2081ಕ್ಕೆ. ಆಗ ರಾಯರಿಗೆ ನೂರಿಪ್ಪತ್ತೈದು ದಾಟಿರುತ್ತದೆ. ತಿಥಿ ವಾರಗಳೂ ಹಿಂದಿನಂತೆಯೇ ಕೂಡಿ ಬರುವುದಿಲ್ಲ. ಆದರೆ ಫೈಲು ತಯಾರಾಗಿರುತ್ತದೆ.

ರಾಯರು ಬ್ಯಾಂಕಿನವರು ಎಂಬುದನ್ನು ಮರೆತು ಅವರೊಡನೆ ವಾದಕ್ಕಿಳಿಯಬಾರದು. ಬ್ಯಾಂಕುಗಳು ತಮ್ಮ ದಾಖಲೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು 1985ರಲ್ಲಿ ಮಾಡಿದ ನಿಯಮವಿದೆ: ಕೆಲವನ್ನು ಐದು ವರ್ಷ, ಲೆಡ್ಜರಿನಂಥವನ್ನು ಎಂಟು ವರ್ಷ. ರಾಯರು ಅದನ್ನು ಶ್ಲೋಕದ ಹಾಗೆ ಹೇಳಬಲ್ಲರು. "ಸರಿ ರಾಯರೇ, ಈ ಫೋನ್ ಬಿಲ್ಲಿಗೆ ಹನ್ನೆರಡು ವರ್ಷ ಆಯ್ತಲ್ಲ?" ಎಂದರೆ, "ನಿಯಮ ಸರಿಯಾಗಿ ಓದು. ಎಂಟಕ್ಕಿಂತ ಕಡಿಮೆ ಇರಬಾರದು ಅಂತಿದೆ. ಹೆಚ್ಚು ಇರಬಾರದು ಅಂತ ಎಲ್ಲಿದೆ?"

ಲ್ಯಾಪ್‌ಟಾಪ್ ಬಂದ ಹೊಸದರಲ್ಲಿಯೇ ಅವರಿಗೊಂದು ಜಗಳ ಗಂಟುಬಿದ್ದಿತ್ತು. ಡಬ್ಬದ ಮೇಲೆ 256 ಜಿಬಿ ಎಂದಿದೆ, ತೆರೆದು ನೋಡಿದರೆ 238. ದಿನದ ಲೆಕ್ಕದಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿಯವರೆಗೂ ಕೌಂಟರ್ ಬಿಡದ ಮನುಷ್ಯ ಹದಿನೆಂಟು ಜಿಬಿ ಖೋತಾ ಬಿದ್ದರೆ ಬಿಟ್ಟಾರೆಯೇ? ಬಿಲ್ಲು ಹಿಡಿದು ಅಂಗಡಿಗೆ ಹೋಗಿ ಕೂತರು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಸರಕು ಅಷ್ಟೇ, ಅಳತೆಗೋಲು ಬೇರೆ ಎಂದು ಅಂಗಡಿಯ ಹುಡುಗ ಬೆವರುತ್ತ ವಿವರಿಸಿದ. ರಾಯರು ಒಪ್ಪಲಿಲ್ಲ. ಇವತ್ತಿಗೂ ಸಿ ಡ್ರೈವ್ ತುಂಬಿದಾಗಲೆಲ್ಲ, "ಆ ಹದಿನೆಂಟು ಇದ್ದಿದ್ರೆ ಈ ಪಾಡು ಬರ್ತಿರಲಿಲ್ಲ" ಎನ್ನುತ್ತಾರೆ.

ರಾಯರು ಏನನ್ನೂ ಅಳಿಸುವುದಿಲ್ಲ ಎಂದರೆ ತಪ್ಪಾದೀತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ಗಂಟೆ ಅಳಿಸುತ್ತಾರೆ. ಅಳಿಸುವುದು ಏನನ್ನು ಎಂಬುದೇ ಪ್ರಶ್ನೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟುಗಳನ್ನು, "ಹಾಲಿನ ಲೆಕ್ಕ" ಎಂದು ನೋಟ್‌ಪ್ಯಾಡಿನಲ್ಲಿ ಬರೆದ ನಾಲ್ಕು ಸಾಲನ್ನು. ಒಂದೊಂದೂ ಒಂದೆರಡು ಕೆಬಿ. ಈ ಲೆಕ್ಕದಲ್ಲಿ ಒಂದು ಜಿಬಿ ಖಾಲಿಯಾಗಬೇಕಾದರೆ ಐದು ಲಕ್ಷಕ್ಕೂ ಹೆಚ್ಚು ಫೈಲು ಅಳಿಸಬೇಕು. ಅಳಿಸಿದ್ದಾದರೂ ಎಲ್ಲಿಗೆ ಹೋಯಿತು? ರಿಸೈಕಲ್ ಬಿನ್ನಿಗೆ. ಅದನ್ನು ಬರಿದು ಮಾಡುವವರೆಗೂ ಡಿಸ್ಕಿನಲ್ಲಿ ಒಂದು ಕೆಬಿಯೂ ಬಿಡುವಾಗುವುದಿಲ್ಲ ಎಂದು ತಿಳಿಸಿದೆ. "ಗೊತ್ತು ಗೊತ್ತು. ಆದ್ರೂ ಒಂದು ತಿಂಗಳು ಅಲ್ಲೇ ಇರಲಿ." ಸಂಜೆ ವಾಕಿಂಗ್ ಮುಗಿಸಿ ಬಂದು ಬಿನ್ ತೆರೆದು, ಬೆಳಿಗ್ಗೆ ಎಸೆದದ್ದರಲ್ಲಿ ಅರ್ಧವನ್ನು ರಿಸ್ಟೋರ್ ಮಾಡುತ್ತಾರೆ.

ಇಷ್ಟು ಕರುಣಾಳುವಾದ ರಾಯರು ಒಂದು ಕಡೆ ಮಾತ್ರ ನಿರ್ದಯಿ. ತಾವು ಹಾಕದ ಫೈಲು ಕಂಡರೆ ಸಹಿಸರು. "ಸಿಸ್ಟಮ್ 32 ಅಂತ ಏನೋ ಇದೆಯಪ್ಪಾ, ಸಿಕ್ಕಾಪಟ್ಟೆ ದೊಡ್ಡದು. ನಾನಂತೂ ಹಾಕಿದ್ದಲ್ಲ. ತೆಗೆದುಬಿಡಲಾ?" ಎಂದು ರಾತ್ರಿ ಹತ್ತೂವರೆಗೆ ಫೋನು. ನಾನು ಬೇಡ ಎನ್ನುವ ಮೊದಲೇ ವಿಂಡೋಸ್ ಬೇಡ ಎಂದಿತ್ತು: ಇದಕ್ಕೆ ಟ್ರಸ್ಟೆಡ್ ಇನ್‌ಸ್ಟಾಲರ್ ಅನುಮತಿ ಬೇಕು. ರಾಯರು ಕೆರಳಿದರು. "ಯಾರೀತ? ನಮ್ಮ ಮನೆ ಲ್ಯಾಪ್‌ಟಾಪಿಗೆ ಇವನ ಅನುಮತಿ ಯಾಕೆ?" ಅದು ವಿಂಡೋಸಿನದೇ ಕಾವಲು ವ್ಯವಸ್ಥೆ, ನಿಮ್ಮಂಥವರಿಗಾಗಿಯೇ ಇಟ್ಟಿದ್ದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅದೇ ವಿಂಡೋಸ್ ಹೊಸ ಆವೃತ್ತಿಗೆ ಏರಿದಾಗ ಹಳೆಯದನ್ನು "ವಿಂಡೋಸ್ ಓಲ್ಡ್" ಎಂಬ ಫೋಲ್ಡರಿನಲ್ಲಿ ಕಟ್ಟಿಡುತ್ತದೆ. ಹತ್ತು ದಿನದ ನಂತರ ತಾನಾಗಿ ಅಳಿಸಿಬಿಡುತ್ತದೆ. ಹತ್ತಾರು ಜಿಬಿ ತಾನೇ ಬಿಡುವಾಯಿತೆಂದು ಬೇರೆಯವರು ಹಿಗ್ಗುತ್ತಾರೆ. ರಾಯರು ಮಾತ್ರ ವಾರಗಟ್ಟಲೆ ಕೊರಗಿದರು. "ಹಳೇದು ಅಂತ ಬರೆದೇ ಇಟ್ಟಿದ್ರು ಪಾಪ. ಒಂದು ಮಾತು ಕೇಳಬಾರದಿತ್ತೇ?"

ಜಾಗವನ್ನು ನಿಜಕ್ಕೂ ನುಂಗಿರುವುದು ಯಾವುದು ಎಂದು ಗಾತ್ರದ ಪ್ರಕಾರ ಜೋಡಿಸಿ ತೋರಿಸಿದೆ. ಮೇಲೆ ಬಂದದ್ದು ಮಗಳ ಮದುವೆಯ ವಿಡಿಯೋ. ವರಪೂಜೆಯಿಂದ ಹೆಣ್ಣೊಪ್ಪಿಸುವವರೆಗೆ ಎರಡು ಕ್ಯಾಮೆರಾ, ಕತ್ತರಿಸದ ಪ್ರತಿ, ನಲವತ್ತು ಚಿಲ್ಲರೆ ಜಿಬಿ. ಅದರಲ್ಲಿ ಮುಕ್ಕಾಲು ಪಾಲು ಜನ ಊಟಕ್ಕೆ ಕೂತಿರುವುದು.

"ನೋಡಿದ್ದೀರಾ ರಾಯರೇ?"

"ನೋಡಬೇಕು."

ಒಳಗಿನಿಂದ ಅವರ ಮನೆಯವರ ದನಿ ಬಂತು: "ಮದುವೆಯಾಗಿ ಒಂಬತ್ತು ವರ್ಷ ಆಯ್ತು ಕಣ್ರೀ. ಅದರಲ್ಲಿ ನಾನು ಅಡುಗೆಯವರ ಮೇಲೆ ಕೂಗಾಡೋದು ಇದೆ, ಮೊದಲು ಅದನ್ನ ತೆಗೆಸಿ."

ಆದರೆ ಒಂದು ವಿಷಯದಲ್ಲಿ ರಾಯರ ಪಕ್ಷವೇ ಸರಿ, ಅದನ್ನು ಹೇಳಿಬಿಡುತ್ತೇನೆ. ಬ್ಯಾಂಕಿನ ರಾಜ್ಯೋತ್ಸವಕ್ಕೆಂದು ಅವರೊಂದು ನಾಟಕ ಬರೆದಿದ್ದರು, ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದು. ಯುನಿಕೋಡ್ ನೆಲೆಯೂರುವ ಮೊದಲು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗೋಜಲು ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಸಂಘಗಳ ಸ್ಮರಣ ಸಂಚಿಕೆ, ಎಷ್ಟೋ ಜನರ ಪ್ರಬಂಧ ಹೀಗೆಯೇ ಓದಲಾಗದೆ ಕೂತಿವೆ. ರಾಯರು ನುಡಿಯ ಹಳೆಯ ಸೆಟಪ್ಪನ್ನೂ ಅದರ ಫಾಂಟುಗಳನ್ನೂ ಜೋಪಾನವಾಗಿ ಇಟ್ಟಿದ್ದರು. ಹಾಕಿ ತೆರೆದೆವು. ಮೊದಲ ಅಂಕದಲ್ಲೇ ಮ್ಯಾನೇಜರ್ ಪಾತ್ರಧಾರಿ ಕ್ಯಾಶ್ ಕೌಂಟರಿನ ಕೀಲಿ ಕಳೆದುಕೊಳ್ಳುತ್ತಾನೆ. ರಾಯರು ತಮ್ಮದೇ ಸಂಭಾಷಣೆಗೆ ತಾವೇ ನಕ್ಕು ಕೆಮ್ಮು ಹತ್ತಿಸಿಕೊಂಡರು. ಆ ನಾಟಕದ ಗಾತ್ರ ನಲವತ್ತು ಕೆಬಿ. ಇಡಬೇಕಾದದ್ದು ಇಷ್ಟು ಚಿಕ್ಕದು. ಬೇಡದ್ದೇ ಸಿ ಡ್ರೈವಿನ ತುಂಬ.

ಮಗ ದೂರದಿಂದ ಹೇಳಿದ್ದ, ಕ್ಲೌಡಿಗೆ ಹಾಕಿ ಎಂದು. ಗೂಗಲ್ 15 ಜಿಬಿ ಬಿಟ್ಟಿ ಕೊಡುತ್ತದೆಂದು ತಿಳಿದ ರಾಯರು ಮೂರು ಇಮೇಲ್ ಖಾತೆ ತೆರೆದು, ಮೂರರ ಪಾಸ್‌ವರ್ಡನ್ನೂ ಒಂದು ಡೈರಿಯಲ್ಲಿ ಬರೆದು, ಡೈರಿಯನ್ನು ಎಲ್ಲೋ ಇಟ್ಟರು. ಕೊನೆಗೆ ಒಂದು ಟಿಬಿಯ ಹೊರ ಹಾರ್ಡ್ ಡಿಸ್ಕ್ ತರಿಸಿದೆವು. ಮದುವೆ, ಪಂಚಾಂಗ, ಆಧಾರ್, ಎಲ್ಲ ಅದಕ್ಕೆ ಹೋಯಿತು. ಮರುದಿನ ನೋಡಿದರೆ ಸಿ ಡ್ರೈವ್ ಹಾಗೆಯೇ ಕೆಂಪು. ರಾಯರು ಕಟ್ ಮಾಡಿರಲಿಲ್ಲ, ಕಾಪಿ ಮಾಡಿದ್ದರು. "ಕಟ್ ಮಾಡಿ ಅಲ್ಲಿಗೆ ಒಯ್ಯೋವಾಗ ಮಧ್ಯದಲ್ಲಿ ಕರೆಂಟ್ ಹೋದ್ರೆ?" ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ ಎಂದರೆ, "ಬ್ಯಾಟರಿ ಹೋದ್ರೆ?"

ನಿಮ್ಮ ಬೀದಿಯ ರಾಯರೂ ಇವತ್ತೋ ನಾಳೆಯೋ ಕರೆದಾರು. ಹೋದವರು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿಂದ ಸ್ಟೋರೇಜ್, ಅಲ್ಲಿಂದ ಟೆಂಪರರಿ ಫೈಲ್ಸ್ ತೆರೆಯಿರಿ. ಅವರು ಹಾಕದ ಕಸ ಅಲ್ಲಿ ಬೇಕಾದಷ್ಟಿರುತ್ತದೆ, ಅದನ್ನು ಮಾತ್ರ ಗುಡಿಸಿ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ, ಅದಕ್ಕೆ ಅಪ್ಪಿತಪ್ಪಿಯೂ ಟಿಕ್ ಹಾಕಬೇಡಿ. ಹದಿನಾಲ್ಕು ಆಧಾರ್ ಇರುವುದು ಅಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಮನೆಯವರು ಕೊಡುವ ಕಾಫಿಯನ್ನು ಕೆಲಸ ಶುರುಮಾಡುವ ಮೊದಲೇ ಕುಡಿದುಬಿಡಿ.