ಆ ನಾಲ್ಕು ಮಂದಿ

ಬಸವಕಲ್ಯಾಣದ 108 ಅಡಿಯ ಬಸವಮೂರ್ತಿಗೆ ಕೈಮುಗಿದು, ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ 12ನೆಯ ಶತಮಾನದ ಅಂತರ್ಜಾತಿ ವಿವಾಹವನ್ನು ಮನಸಾರೆ ಕೊಂಡಾಡಿ, ಚಿಟಗುಪ್ಪಕ್ಕೆ ಮರಳಿದ ಕಾಕಾನವರು, ಬಸಿಯಲ್ಲಿನ ಚಹಾವನ್ನು ಊದುತ್ತ, ಸ್ವಂತ ಮಗಳ ಸಂಬಂಧದ ಪ್ರಸ್ತಾಪವನ್ನು ಅಣ್ಣನ ಮಗನ ಮುಂದೆ ತೆಗೆದರು.

“ಹುಡುಗ ವಿದ್ಯಾವಂತ, ಸದ್ಗುಣಿ. ಆದರೆ ಕುಲ ಬೇರೆ. ನಾಲ್ಕು ಮಂದಿ ಏನಂದಾರು?”

ಅಂದು ಮಧುವರಸ, ಹರಳಯ್ಯ ಇಬ್ಬರನ್ನೂ ದಂಡಿಸಲು ದೊರೆ ಬಿಜ್ಜಳನಿಗೆ ಆನೆಯೇ ಬೇಕಾಯಿತೆಂದು ಪ್ರತೀತಿ. ನಮ್ಮ ಕಾಲಕ್ಕೆ ಕಟ್ಟೆಯ ಮೇಲಿನ ಒಂದು ಕೆಮ್ಮು ಸಾಕು.

“ಯಾರು ಕಾಕಾ, ಆ ನಾಲ್ವರು?”

“ಬೀಗರು, ಕಿರಾಣಿ ಅಂಗಡಿಯವರು, ನಿವೃತ್ತ ಮಾಸ್ತರರು...”

“ಮೂವರನ್ನೂ ಆಗಲೇ ಕೇಳಿದ್ದೇನೆ. ತಮ್ಮದೇನೂ ಅಭ್ಯಂತರವಿಲ್ಲ, ತಮಗಿರುವ ಅಂಜಿಕೆಯೆಲ್ಲ ನಿಮ್ಮದೇ ಎಂದು ನಿಮ್ಮತ್ತ ಬೆರಳು ಮಾಡಿದರು!”

ಕಾಕಾನವರ ಮುಖ ಅರಳಿತು. “ಊರಲ್ಲಿ ನನಗೆ ಇಷ್ಟು ಮರ್ಯಾದೆಯೇ? ಇನ್ನು ಈ ಸಂಬಂಧವನ್ನು ಒಪ್ಪುವುದೆಂತು!”