ವಿಮೆ ಕಾಕಾ

ನಿಮ್ಮ ಮನೆಯಲ್ಲೇ ಕೂತು, ನಿಮ್ಮದೇ ಚಹಾ ಕುಡಿಯುತ್ತ, ನಿಮ್ಮ ಸಾವಿನ ಲೆಕ್ಕ ಹಾಕಬಲ್ಲವರು ವಿಮೆ ಏಜೆಂಟರು ಮಾತ್ರ. ನನ್ನ ಪಾಲಿಗೆ ಬಂದವರು ವಿಮೆ ಕಾಕಾ. ಬೀದರಿನ ಚೌಬಾರಾದಲ್ಲಿ ಉರ್ದು, ಭಾಲ್ಕಿಯಲ್ಲಿ ಕನ್ನಡ, ಔರಾದಿನಲ್ಲಿ ಮರಾಠಿ, ಭಾಷೆ ಮೂರಾದರೂ ಶುರುವಾತು ಒಂದೇ: "ದೇವ್ರು ನಿಮ್ಗ ನೂರು ವರ್ಷ ಆಯುಷ್ಯ ಕೊಡ್ಲಿ, ಆದ್ರ..." ಆ 'ಆದ್ರ'ಕ್ಕೇ ನಾನು ಹೆದರುವುದು.

ಜೀವ ವಿಮೆ ರಾಷ್ಟ್ರೀಕರಣವಾದದ್ದೂ ನಮ್ಮ ಬೀದರ್ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿದ್ದೂ 1956ರಲ್ಲೇ. "ನೋಡ್ರಿ ಸರ್, ಎರಡೂ ಅವಳಿ-ಜವಳಿ" ಅನ್ನುತ್ತಾರೆ ಕಾಕಾ. ವಿಮೆ ಮಾಡಿಸದವನು ನಾಡದ್ರೋಹಿ ಅಂತಲೇ ಅರ್ಥ.

ನಾನು ಬಿದ್ದದ್ದು ಔರಾದ್ ಬಸ್ಸಿನಲ್ಲಿ. ಆಗಿನ್ನೂ ಹೊಸ ಮಾಸ್ತರ. ಜನವಾಡದವರೆಗೆ "ಒಂದು ಲಕ್ಷದ್ದು ಸಾಕ್ರಿ" ಎಂದಿದ್ದರು. ಬಸ್ಸು ಕುಣಿಯೊಂದನ್ನು ಹಾರಿತು, ಎರಡು ಲಕ್ಷವಾಯಿತು. ಮಾಂಜ್ರಾ ಸೇತುವೆಯ ಮೇಲೆ ಎದುರಿಗೇ ಕಬ್ಬಿನ ಲಾರಿ. ಕಾಕಾ ಲಾರಿ ನೋಡಿದರು, ನನ್ನನ್ನು ನೋಡಿದರು, ತುಟಿ ಬಿಚ್ಚಲಿಲ್ಲ. ಮೂರು ಲಕ್ಷ ಎಂದವನು ನಾನೇ. ಸಂತಪುರದಲ್ಲಿ ಸಹಿ ಹಾಕಿದೆ. ಪೆನ್ನನ್ನು ಮಾತ್ರ ಅವರು ಮರೆಯದೆ ಇಸಿದುಕೊಂಡರು.

ಸೋಯಾ ರಾಶಿಯಾಗಿ ರೊಕ್ಕ ಬಂದಾಗ ಕಾಕಾ ಭಾಲ್ಕಿಯ ಹಳ್ಳಿಗಳಲ್ಲಿ. ಮಾರ್ಚ್ ಬಂದರೆ ಟ್ಯಾಕ್ಸ್ ಉಳಿಸುವ ನೌಕರರ ಬೆನ್ನಿಗೆ. ಮಗಳ ಮದುವೆ ಸಾಲವಿದ್ದ ವರ್ಷ ಅವರ ಮಾತಿನಲ್ಲಿ ಸಾವು ಜಾಸ್ತಿ. ಸಾಲ ತೀರಿದ ವರ್ಷ ಬೋನಸ್ ಜಾಸ್ತಿ. ಅವರ ಜೊತೆಗೇ ಶುರುಮಾಡಿದ ಬಾಯಿಬಡುಕರು ಮೊದಲ ವರ್ಷದ ದಪ್ಪ ಕಮಿಷನ್ ಎಣಿಸಿಕೊಂಡು, ಮುಂದಿನ ಕಂತಿನ ಹೊತ್ತಿಗೆ ನಾಪತ್ತೆ. ಪಾಲಿಸಿ ಲ್ಯಾಪ್ಸ್ ಆದವು, ಅವರೂ ಲ್ಯಾಪ್ಸ್ ಆದರು. ಕಾಕಾ ಮಳೆ ಕೈಕೊಟ್ಟ ವರ್ಷ ಔರಾದಿನ ಕಡೆಯ ರೈತನೊಬ್ಬನಿಗೆ ಕಂತು ಕಟ್ಟಲು ಕೈಗಡ ಕೊಟ್ಟರು. ಮುಂದೆ ಆತ ತೀರಿಕೊಂಡಾಗ, ಕಾಗದಪತ್ರ ಹಿಡಿದು ಅವನ ಹೆಂಡತಿಯ ಜೊತೆ ಬ್ರಾಂಚಿಗೆ ಅಲೆದವರೂ ಅವರೇ. ಅಂದಿನಿಂದ ಆ ಊರಲ್ಲಿ ಕಾಕಾ 'ಆದ್ರ' ಅನ್ನಬೇಕಾಗಿಲ್ಲ. ಜನರೇ ಕರೆದು, ಕೂಡಿಸಿ, ಫಾರ್ಮು ಕೇಳುತ್ತಾರೆ.

ಈಗ ಅವರಿಗೆ ಮಂಡಿನೋವು. ತಿರುಗಾಟ ನಿಂತಿದೆ, ಕಂತಿನ ತಾರೀಖಿಗೆ ಫೋನ್ ಮಾತ್ರ ತಪ್ಪದು. ಕಳೆದ ತಿಂಗಳು ಅದೂ ಬರಲಿಲ್ಲ. ಇಷ್ಟು ವರ್ಷ ಯಾರ ಫೋನ್ ನೋಡಿ ತಪ್ಪಿಸಿಕೊಳ್ಳುತ್ತಿದ್ದೆನೋ ಅವರಿಗೆ, ಎದೆ ಡವಡವ ಅನ್ನುತ್ತಿರಲು, ನಾನೇ ಫೋನ್ ಹಚ್ಚಿದೆ.

"ಆರಾಮ್ ಇದ್ದೀನ್ರಿ ಸರ್. ಅಂದಂಗ, ನಿಮ್ಮ ಮಗಗ ಈಗ ವಯಸ್ಸೆಷ್ಟು?"

18 ತುಂಬಿದೆ. ಕಾಕಾ ಸಿಕ್ಕರೆ ದಯವಿಟ್ಟು ಹೇಳಬೇಡಿ.